ಮುಚ್ಚಿದ ಗ್ರಂಥಾಲಯವೂ ಐದು ಮೈಕ್ರಾನಿನ ಪ್ರಶ್ನೆಯೂ

2020ನೆಯ ಇಸವಿ ಮಾರ್ಚ್ 12ರಂದು ಕಲಬುರಗಿಯಿಂದ ದುಃಖದ ವಾರ್ತೆಯೊಂದು ಬಂದಿತು. ಎರಡು ದಿನಗಳ ಹಿಂದೆ ತೀರಿಕೊಂಡಿದ್ದ 76 ವರ್ಷದ ವೃದ್ಧರೊಬ್ಬರ ಮರಣಕ್ಕೆ ಕೋವಿಡ್-19 ಎಂಬ ಹೊಸ ರೋಗವೇ ಕಾರಣವೆಂದು ಪರೀಕ್ಷೆಯಿಂದ ದೃಢಪಟ್ಟಿತ್ತು. ಭಾರತದಲ್ಲಿ ಈ ರೋಗದಿಂದ ಸಂಭವಿಸಿದ ಮೊದಲನೆಯ ಮರಣವದು. ಮರುದಿನವೇ ರಾಜ್ಯ ಸರ್ಕಾರವು ವಿಶ್ವವಿದ್ಯಾನಿಲಯಗಳನ್ನು ಒಂದು ವಾರ ಮುಚ್ಚಬೇಕೆಂದು ಸಾರಿತು. ಮಾರ್ಚ್ 25ರಿಂದ ದೇಶವೇ ಸ್ತಬ್ಧವಾಯಿತು. ಆ ಒಂದು ವಾರವು ಬೆಳೆಯುತ್ತ ಹೋಗಿ, ಕರ್ನಾಟಕದ ಪದವಿ ಕಾಲೇಜುಗಳ ಬಾಗಿಲು ವಿದ್ಯಾರ್ಥಿಗಳಿಗೆ ಮತ್ತೆ ತೆರೆದುದು ನವೆಂಬರ್ 17ರಂದು.

ಬೀದರ ಜಿಲ್ಲೆಯ ಪದವಿ ಕಾಲೇಜುಗಳು ಆಗ ಗುಲಬರ್ಗಾ ವಿಶ್ವವಿದ್ಯಾನಿಲಯಕ್ಕೆ ಸೇರಿದ್ದವು. ವಸತಿಗೃಹಗಳಲ್ಲಿದ್ದ ನಮ್ಮ ವಿದ್ಯಾರ್ಥಿಗಳು ಒಂದು ವಾರಕ್ಕೆ ಬೇಕಾದ ಬಟ್ಟೆಗಳನ್ನು ಚೀಲದಲ್ಲಿ ತುಂಬಿಕೊಂಡು ಬಸ್ಸು ಹತ್ತಿದರು. ಪುಸ್ತಕಗಳು ಟ್ರಂಕಿನಲ್ಲಿಯೇ ಉಳಿದವು. ಗ್ರಂಥಾಲಯಕ್ಕೆ ಬೀಗ ಬಿದ್ದಿತು. ಓದುವ ಹುಡುಗರು ಊರುಗಳಲ್ಲಿ, ಓದಬೇಕಾದ ಪುಸ್ತಕಗಳು ಪಟ್ಟಣದಲ್ಲಿ, ನಡುವೆ ಪೊಲೀಸರ ತಡೆಗಟ್ಟು. ಇಂಥ ಸಮಯದಲ್ಲಿ ವಿದ್ಯಾರ್ಥಿಯಾದವನು ತನಗೆ ಬೇಕಾದ ಶಾಸ್ತ್ರೀಯ ಮಾಹಿತಿಯನ್ನು ಎಲ್ಲಿಂದ, ಹೇಗೆ ಪಡೆಯುತ್ತಾನೆ? ಪಡೆದುದು ನಿಜವೋ ಸುಳ್ಳೋ ಎಂಬುದನ್ನು ಹೇಗೆ ನಿರ್ಧರಿಸುತ್ತಾನೆ? ಈ ಲೇಖನದಲ್ಲಿ ಇದನ್ನು ಒಂದು ನಿಜವಾದ ಪ್ರಶ್ನೆಯ ಬೆನ್ನುಹತ್ತಿ ವಿವರಿಸಲು ಯತ್ನಿಸುತ್ತೇವೆ.

ಆ ದಿನಗಳಲ್ಲಿ ಅನೇಕರು ವಿದ್ಯಾರ್ಥಿಗಳಿಗೆ ನ್ಯೂಟನ್ನನ ಉದಾಹರಣೆಯನ್ನು ಹೇಳಿ ಬುದ್ಧಿವಾದ ಮಾಡುತ್ತಿದ್ದರು. 1665ರಲ್ಲಿ ಪ್ಲೇಗಿನ ಭಯದಿಂದ ಕೇಂಬ್ರಿಜ್ ವಿಶ್ವವಿದ್ಯಾನಿಲಯ ಮುಚ್ಚಿದಾಗ ಆತ ವೂಲ್ಸ್‌ಥಾರ್ಪಿನ ತನ್ನ ಮನೆಗೆ ಹೋಗಿ ಗಣಿತದಲ್ಲಿಯೂ ಬೆಳಕಿನ ಶಾಸ್ತ್ರದಲ್ಲಿಯೂ ಮಹತ್ಕಾರ್ಯಗಳನ್ನು ಆರಂಭಿಸಿದನಷ್ಟೆ, ನೀವೇಕೆ ಸುಮ್ಮನೆ ಕುಳಿತಿದ್ದೀರಿ ಎಂದು. ಮಾತು ಕೇಳಲು ಸೊಗಸಾಗಿದೆ. ಆದರೆ ಅರ್ಧವನ್ನು ಮಾತ್ರ ಹೇಳುತ್ತದೆ. ನ್ಯೂಟನ್ನನು ಊರಿಗೆ ಹೊರಡುವ ಮುನ್ನವೇ ಡೇಕಾರ್ಟನ ಜ್ಯಾಮಿತಿಯನ್ನೂ ವಾಲಿಸನ ಗ್ರಂಥವನ್ನೂ ಓದಿ ಟಿಪ್ಪಣಿ ಮಾಡಿಕೊಂಡಿದ್ದನು. ಮಲತಂದೆಯಿಂದ ಬಂದ, ಬಹುಪಾಲು ಖಾಲಿಯಾಗಿದ್ದ ದಪ್ಪನೆಯ ಬರವಣಿಗೆಯ ಪುಸ್ತಕವೊಂದು ಅವನ ಬಳಿಯಿತ್ತು. ಕಾಗದ ದುಬಾರಿಯಾಗಿದ್ದ ಕಾಲದಲ್ಲಿ ಅದೇನು ಸಣ್ಣ ಸಂಪತ್ತಲ್ಲ. ಎಂದರೆ, ಅವನು ಗ್ರಂಥಾಲಯದ ಸಾರವನ್ನು ಜೊತೆಯಲ್ಲಿ ಕೊಂಡೊಯ್ದಿದ್ದನು. ನಮ್ಮ ಹುಡುಗರು ಒಯ್ದುದು ಬಟ್ಟೆಯ ಚೀಲವನ್ನು. ಈ ಭೇದವನ್ನು ಮರೆತು ಹೋಲಿಸುವುದು ನ್ಯಾಯವಲ್ಲವೆಂದೇ ನಮ್ಮ ಅಭಿಪ್ರಾಯ.

ನಮ್ಮ ಬಿ.ಎಸ್‌ಸಿ. ತರಗತಿಯ ಒಬ್ಬ ವಿದ್ಯಾರ್ಥಿ ಬೀದರ ತಾಲ್ಲೂಕಿನ ಮನ್ನಳ್ಳಿಯವನು. ಮನೆಗೆಲ್ಲ ಇದ್ದುದು ಒಂದೇ ಮೊಬೈಲು. ಹಗಲು ಅದು ತಂಗಿಯ ಪಾಠಕ್ಕೂ ತಂದೆಯ ವ್ಯವಹಾರಕ್ಕೂ ಬೇಕು. ಇವನ ಪಾಲಿಗೆ ಬರುತ್ತಿದ್ದುದು ರಾತ್ರಿ ಒಂಬತ್ತರ ಮೇಲೆ. ಒಳಗೆ ಸಿಗ್ನಲ್ ದೊರೆಯದ ಕಾರಣ ಮಾಳಿಗೆ ಏರಬೇಕು. ಏಪ್ರಿಲ್ ತಿಂಗಳ ಒಂದು ರಾತ್ರಿ ಅವನು ಮಾಳಿಗೆಯ ಮೇಲಿನಿಂದ ನಮಗೆ ಫೋನು ಮಾಡಿದನು. ಪರೀಕ್ಷೆಯ ತಾರೀಖು ಕೇಳುವನೆಂದು ನಾವು ಭಾವಿಸಿದ್ದೆವು. ಅವನು ಕೇಳಿದುದೇ ಬೇರೆ.

“ಸರ್, ಐದು ಮೈಕ್ರಾನ್‌ಗಿಂತ ದೊಡ್ಡ ಹನಿ ಒಂದು ಮೀಟರ್‌ದಾಗೇ ನೆಲಕ್ಕ ಬೀಳ್ತಾವ ಅಂತ ಎಲ್ಲಾ ಕಡೆ ಬರದಾರ್ರಿ. ನಾವು ಲ್ಯಾಬಿನ್ಯಾಗ ಮಾಡಿದ ಸ್ಟೋಕ್ಸ್ ಸೂತ್ರದಿಂದ ಲೆಕ್ಕ ಹಾಕಿದ್ರ, ಐದು ಮೈಕ್ರಾನಿನ ಹನಿ ಅರ್ಧ ತಾಸು ಗಾಳಿಯಾಗೇ ಇರ್ತದ್ರಿ. ಯಾವ್ದು ಖರೇ ಅದ್ರಿ?”

ಈ ಪ್ರಶ್ನೆಗೆ ನಾವು ಕೊಟ್ಟ ಉತ್ತರ ಇಂದಿಗೂ ನಾಚಿಕೆ ತರುವಂಥದು. “ದೊಡ್ಡ ಸಂಸ್ಥೆಗಳು ಹೇಳಿದ್ದಾರೆ ಅಂದಮೇಲೆ ನಿನ್ನ ಲೆಕ್ಕದಲ್ಲಿ ಎಲ್ಲೋ ಸೊನ್ನೆ ತಪ್ಪಿರಬೇಕಪ್ಪ, ಇನ್ನೊಮ್ಮೆ ನೋಡು” ಎಂದೆವು. ಅವನು “ಹೌದ್ರಿ ಸರ್” ಎಂದು ಫೋನು ಇಟ್ಟನು. ಆಮೇಲೆ ನಿದ್ದೆ ಬಾರದೆ ನಾವೇ ಕಾಗದ ತೆಗೆದು ಲೆಕ್ಕ ಹಾಕಿದೆವು. ಸೊನ್ನೆ ತಪ್ಪಿರಲಿಲ್ಲ.

ಆ ಲೆಕ್ಕವನ್ನು ವಾಚಕರೂ ಮಾಡಿ ನೋಡಬಹುದು. ಎತ್ತರವಾದ ಗಾಜಿನ ಜಾಡಿಯಲ್ಲಿ ಹರಳೆಣ್ಣೆಯನ್ನೋ ಗ್ಲಿಸರಿನನ್ನೋ ತುಂಬಿ, ಉಕ್ಕಿನ ಸಣ್ಣ ಗುಂಡೊಂದನ್ನು ಅದರಲ್ಲಿ ಬಿಡುವ ಪ್ರಯೋಗವನ್ನು ಭೌತಶಾಸ್ತ್ರದ ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಗುಂಡು ಮೊದಲು ವೇಗವನ್ನು ಹೆಚ್ಚಿಸಿಕೊಳ್ಳುತ್ತದೆ. ವೇಗ ಹೆಚ್ಚಿದಂತೆ ದ್ರವದ ಪ್ರತಿರೋಧವೂ ಹೆಚ್ಚುತ್ತದೆ. ಒಂದು ಹಂತದಲ್ಲಿ ಗುಂಡಿನ ಭಾರಕ್ಕೂ ಪ್ರತಿರೋಧಕ್ಕೂ ಸರಿಸಮವಾಗಿ, ಅಲ್ಲಿಂದ ಮುಂದೆ ಅದು ಒಂದೇ ವೇಗದಿಂದ ಇಳಿಯುತ್ತದೆ. ಈ ಅಂತಿಮ ವೇಗದ ನಿಯಮವನ್ನು ಜಾರ್ಜ್ ಗೇಬ್ರಿಯಲ್ ಸ್ಟೋಕ್ಸ್ 1851ರಲ್ಲಿ ಪ್ರಕಟಿಸಿದನು. ಜಾಡಿಯ ಎಣ್ಣೆಗೆ ಅನ್ವಯಿಸುವ ನಿಯಮವೇ ಗಾಳಿಗೂ ಅನ್ವಯಿಸುತ್ತದೆ. ಗಾಳಿಯೂ ಒಂದು ಪ್ರವಾಹಿ, ಅದಕ್ಕೂ ಸ್ನಿಗ್ಧತೆಯುಂಟು. ಕೆಮ್ಮಿದಾಗ ಹೊರಡುವ ನೀರಿನ ಕಣವು ಗುಂಡು, ಕೋಣೆಯೇ ಜಾಡಿ.

ಸೂತ್ರ ಸುಲಭವಾದುದು. ಕಣದ ವ್ಯಾಸದ ವರ್ಗವನ್ನು ಅದರ ಸಾಂದ್ರತೆಯಿಂದಲೂ ಗುರುತ್ವದ ವೇಗೋತ್ಕರ್ಷದಿಂದಲೂ ಗುಣಿಸಬೇಕು. ಬಂದುದನ್ನು ಗಾಳಿಯ ಸ್ನಿಗ್ಧತೆಯ ಹದಿನೆಂಟು ಪಟ್ಟಿನಿಂದ ಭಾಗಿಸಬೇಕು. (ಗಾಳಿಯ ಸಾಂದ್ರತೆ ನೀರಿನದಕ್ಕಿಂತ ಬಹಳ ಕಡಿಮೆಯಾದುದರಿಂದ ತೇಲುಬಲವನ್ನು ಇಲ್ಲಿ ಬಿಟ್ಟಿದ್ದೇವೆ.) ನೀರಿನ ಸಾಂದ್ರತೆ ಘನ ಮೀಟರಿಗೆ 1000 ಕಿಲೋಗ್ರಾಂ, ಗಾಳಿಯ ಸ್ನಿಗ್ಧತೆ ಸುಮಾರು 0.000018 ಪಾಸ್ಕಲ್-ಸೆಕೆಂಡ್. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ಐದು ಮೈಕ್ರಾನಿನ ಹನಿಗೆ ಈ ಲೆಕ್ಕದಿಂದ ದೊರೆಯುವ ವೇಗ ಸೆಕೆಂಡಿಗೆ 0.76 ಮಿಲಿಮೀಟರ್. ನಿಂತ ಮನುಷ್ಯನ ಬಾಯಿ ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿದೆ ಎನ್ನೋಣ. ಅಷ್ಟು ದೂರ ಇಳಿಯಲು ಈ ಹನಿಗೆ ಸುಮಾರು 33 ಮಿನಿಟುಗಳು ಬೇಕು.

ವ್ಯಾಸದ ವರ್ಗವು ಸೂತ್ರದಲ್ಲಿರುವುದನ್ನು ಗಮನಿಸಿರಿ. ವ್ಯಾಸ ಹತ್ತು ಪಟ್ಟಾದರೆ ವೇಗ ನೂರು ಪಟ್ಟಾಗುತ್ತದೆ. ಹತ್ತು ಮೈಕ್ರಾನಿನ ಹನಿಗೆ ಎಂಟು ಮಿನಿಟು ಸಾಕು. ನೂರು ಮೈಕ್ರಾನಿನದು ಐದಾರು ಸೆಕೆಂಡುಗಳಲ್ಲಿ ನೆಲ ಸೇರುತ್ತದೆ. ಒಂದು ಮೈಕ್ರಾನಿನ ಕಣಕ್ಕಾದರೋ ಸುಮಾರು ಹದಿನಾಲ್ಕು ಗಂಟೆಗಳು! ಇದೆಲ್ಲ ನಿಶ್ಚಲವಾದ ಗಾಳಿಯಲ್ಲಿ. ನಿಜವಾದ ಕೋಣೆಯಲ್ಲಿ ಗಾಳಿ ಸೆಕೆಂಡಿಗೆ ಹತ್ತು ಸೆಂಟಿಮೀಟರಿನಷ್ಟಾದರೂ ಅಲುಗುತ್ತಿರುತ್ತದೆ. ಐದು ಮೈಕ್ರಾನಿನ ಹನಿಯ ಇಳಿವೇಗಕ್ಕಿಂತ ಅದು ನೂರು ಪಟ್ಟಿಗೂ ಹೆಚ್ಚು. ಮೇಲಾಗಿ, ಇಷ್ಟು ಸಣ್ಣ ಹನಿಯೊಳಗಿನ ನೀರು ಕ್ಷಣಾರ್ಧದಲ್ಲಿ ಆವಿಯಾಗಿ, ಉಪ್ಪು ಮತ್ತು ಇತರ ವಸ್ತುಗಳ ಇನ್ನೂ ಹಗುರವಾದ ಕಣವೊಂದು ಉಳಿಯುತ್ತದೆ. ಅದು ಧೂಪದ ಹೊಗೆಯಂತೆ ಗಾಳಿ ಹೋದತ್ತ ಹೋಗುವುದೇ ಹೊರತು ಒಂದು ಮೀಟರಿನೊಳಗೆ ಕಲ್ಲಿನಂತೆ ಬೀಳಲಾರದು. ಮಿಲಿಕನ್ನನು ಎಲೆಕ್ಟ್ರಾನಿನ ವಿದ್ಯುದಂಶವನ್ನು ಅಳೆದುದು ಇಂಥದೇ ಕಣಗಳಿಂದ. ಅವನ ಎಣ್ಣೆಯ ಹನಿಗಳು ಮೈಕ್ರಾನಿನ ಆಸುಪಾಸಿನವು. ಅವು ಎಷ್ಟು ನಿಧಾನವಾಗಿ ಬೀಳುತ್ತವೆಂಬುದನ್ನು ದೂರದರ್ಶಕ ಹಿಡಿದು ಕುಳಿತವರೆಲ್ಲರೂ ಬಲ್ಲರು. ಇಷ್ಟೆಲ್ಲವನ್ನೂ ವರ್ಷವರ್ಷವೂ ಪಾಠ ಹೇಳುವ ನಾವು ಹುಡುಗನ ಲೆಕ್ಕವನ್ನು ನಂಬಲಿಲ್ಲ. ಪದಾರ್ಥವಿಜ್ಞಾನವು ಪ್ರಯೋಗಶಾಲೆಯ ಗೋಡೆಯಾಚೆಗೂ ಸತ್ಯವಾಗಿರುತ್ತದೆ ಎಂಬುದು ಅಧ್ಯಾಪಕರಿಗೂ ಕೆಲವೊಮ್ಮೆ ಮರೆತುಹೋಗುತ್ತದೆ.

ಈಗ ಎದುರುಗಡೆಯ ಮಾತನ್ನು ನೋಡೋಣ. 2020ರ ಮಾರ್ಚ್ 28ರಂದು ವಿಶ್ವ ಆರೋಗ್ಯ ಸಂಸ್ಥೆಯು ಈ ರೋಗ ಗಾಳಿಯಿಂದ ಹರಡುವುದಲ್ಲವೆಂದು ಸ್ಪಷ್ಟವಾಗಿ ಸಾರಿತ್ತು. ಐದರಿಂದ ಹತ್ತು ಮೈಕ್ರಾನಿಗಿಂತ ದೊಡ್ಡವು ‘ಹನಿಗಳು’, ಐದಕ್ಕಿಂತ ಸಣ್ಣವು ‘ಹನಿಯ ತಿರುಳುಗಳು’ ಎಂದು ಅದರ ಪ್ರಕಟಣೆಗಳು ವಿಭಾಗಿಸಿದ್ದವು. ವೈದ್ಯಶಾಸ್ತ್ರದ ಪಠ್ಯಗಳಲ್ಲಿಯೂ ಇದೇ ಸಂಖ್ಯೆ. ಇದು ಬರಿಯ ಶಬ್ದವಿಚಾರವಲ್ಲ. ಹನಿಗಳು ಹತ್ತಿರದಲ್ಲೇ ಬೀಳುವುದಾದರೆ ಕೈ ತೊಳೆಯುವುದೂ ದೂರ ನಿಲ್ಲುವುದೂ ಸಾಕು. ಅವು ತೇಲುವುದಾದರೆ ಕಿಟಕಿ ತೆರೆಯಬೇಕು, ಮುಚ್ಚಿದ ಕೋಣೆಯಲ್ಲಿ ಬಹಳ ಹೊತ್ತು ಸೇರಬಾರದು, ಮುಸುಕು ಮುಖಕ್ಕೆ ಬಿಗಿಯಾಗಿ ಕೂರಬೇಕು. ಯಾವುದು ನಿಜವೆಂಬುದರ ಮೇಲೆ ಜನರ ಜೀವವೇ ನಿಂತಿತ್ತು.

ಆದುದರಿಂದ ಮರುದಿನ ರಾತ್ರಿ ನಾವೇ ಅವನಿಗೆ ಫೋನು ಮಾಡಿ ತಪ್ಪೊಪ್ಪಿಕೊಂಡೆವು. ‘ಐದು’ ಎಂಬ ಸಂಖ್ಯೆ ಎಲ್ಲಿಂದ ಬಂದಿತೆಂದು ಇಬ್ಬರೂ ಹುಡುಕುವುದೆಂದು ನಿಶ್ಚಯವಾಯಿತು.

ಹುಡುಕುವವನಿಗೆ ಮೊದಲು ಎದುರಾಗುವ ತೊಡಕು ಶಬ್ದದ್ದು. ಆತ ಕನ್ನಡದಲ್ಲಿ ‘ಹನಿ’ ಎಂದು ಹುಡುಕಿದನು. ಹನಿಗವನಗಳೂ ಹನಿ ನೀರಾವರಿಯೂ ಬಂದವು. ‘ಕೊರೊನಾ ಗಾಳಿ’ ಎಂದು ಹುಡುಕಿದಾಗ ಕಷಾಯದ ವಿಧಾನಗಳು ಬಂದವು. ಸಂಶೋಧಕರು ತಮ್ಮ ಲೇಖನಗಳಲ್ಲಿ ಯಾವ ಪದವನ್ನು ಬಳಸುತ್ತಾರೋ ಆ ಪದವನ್ನೇ ನಾವೂ ಹಿಡಿಯಬೇಕು. ಆ ಪದಗಳು ‘ಡ್ರಾಪ್ಲೆಟ್ ನ್ಯೂಕ್ಲಿಯೈ’, ‘ಏರೊಸಾಲ್’, ‘ಏರ್‌ಬೋರ್ನ್’ ಮುಂತಾದವು. ಅವು ಸಿಕ್ಕಿದುದು ಒಂದು ವಿಶ್ವಕೋಶದ ಲೇಖನದಿಂದ. ವಿಶ್ವಕೋಶವನ್ನು ಪ್ರಮಾಣವಾಗಿ ಹಿಡಿಯಬಾರದು ಎಂದು ಅಧ್ಯಾಪಕರು ಹೇಳುವುದುಂಟು. ಅದು ಸರಿ; ಆದರೆ ಪದಗಳನ್ನು ಕಲಿಯಲು ಅದಕ್ಕಿಂತ ಒಳ್ಳೆಯ ಸ್ಥಳವಿಲ್ಲ. ಪದಗಳು ದೊರೆತ ಮೇಲೆ ಅವನ್ನು ‘ಮತ್ತು’, ‘ಅಥವಾ’, ‘ಅಲ್ಲದ’ ಎಂಬ ಮೂರು ಸಂಬಂಧಗಳಿಂದ ಹೆಣೆಯಬಹುದು. ಜಾರ್ಜ್ ಬೂಲ್ ಎಂಬ ಗಣಿತಜ್ಞನು 1854ರಲ್ಲಿ ತನ್ನ ಗ್ರಂಥದಲ್ಲಿ ವಿವರಿಸಿದ ತರ್ಕವೇ ಇಂದು ಎಲ್ಲ ಹುಡುಕುಯಂತ್ರಗಳ ಒಳಗೂ ಕೆಲಸ ಮಾಡುತ್ತಿದೆ.

ಎರಡನೆಯದು ಉಲ್ಲೇಖಗಳ ಜಾಡು. ಸಂಶೋಧನ ಲೇಖನದ ಕೊನೆಯಲ್ಲಿರುವ ಉಲ್ಲೇಖಪಟ್ಟಿಯನ್ನು ನಮ್ಮ ವಿದ್ಯಾರ್ಥಿಗಳು ಸಾಮಾನ್ಯವಾಗಿ ಓದುವುದೇ ಇಲ್ಲ. ಉತ್ತರ ಕರ್ನಾಟಕದ ಹಳ್ಳಿಗಳಿಗೆ ಹೆಳವರು ಬರುವುದುಂಟಷ್ಟೆ. ಮನೆಯ ಮುಂದೆ ನಿಂತು, ಯಜಮಾನನ ತಂದೆ, ಅಜ್ಜ, ಮುತ್ತಜ್ಜ, ಮೂಲದಲ್ಲಿ ಯಾವ ಊರಿನಿಂದ ಬಂದವರು ಎಂದು ವಂಶಾವಳಿಯನ್ನು ಹೇಳುತ್ತಾರೆ. ಉಲ್ಲೇಖಪಟ್ಟಿ ಮಾಡುವುದು ಇದೇ ಕೆಲಸವನ್ನು. ಈ ಲೇಖನ ತನ್ನ ಮಾತನ್ನು ಯಾರಿಂದ ಪಡೆಯಿತು, ಅವರು ಯಾರಿಂದ ಪಡೆದರು ಎಂದು ಹಿಂದಕ್ಕೆ ನಡೆಯಬಹುದು. ಮುಂದಕ್ಕೂ ನಡೆಯಬಹುದು: ಒಂದು ಹಳೆಯ ಲೇಖನವನ್ನು ಆನಂತರ ಯಾರು ಯಾರು ಉಲ್ಲೇಖಿಸಿದರೆಂಬುದನ್ನು ತಿಳಿಸುವ ಸೂಚಿಯನ್ನು ಯೂಜೀನ್ ಗಾರ್ಫೀಲ್ಡ್ 1964ರಲ್ಲಿ ಪುಸ್ತಕರೂಪದಲ್ಲಿ ಹೊರತಂದನು. ಇಂದು ಗೂಗಲ್ ಸ್ಕಾಲರಿನಲ್ಲಿ ಪ್ರತಿ ಲೇಖನದ ಕೆಳಗೂ ಅಂಥ ಪಟ್ಟಿ ಉಚಿತವಾಗಿ ದೊರೆಯುತ್ತದೆ.

ಹೀಗೆ ಹಿಂದಕ್ಕೆ ನಡೆದು ಹುಡುಗನು ಮುಟ್ಟಿದುದು ವಿಲಿಯಂ ಫರ್ತ್ ವೆಲ್ಸ್ ಎಂಬ ಅಮೆರಿಕದ ವಿಜ್ಞಾನಿಯ 1934ರ ಲೇಖನವನ್ನು. ಹನಿಯೊಂದು ಬೀಳುವಾಗಲೇ ಒಣಗುತ್ತಲೂ ಇರುತ್ತದೆ. ದೊಡ್ಡದಾದರೆ ಒಣಗುವ ಮುನ್ನವೇ ನೆಲ ಮುಟ್ಟುತ್ತದೆ. ಸಣ್ಣದಾದರೆ ನೆಲ ಮುಟ್ಟುವ ಮುನ್ನವೇ ಒಣಗಿ ತೇಲತೊಡಗುತ್ತದೆ. ಇವೆರಡರ ನಡುವಿನ ಗಡಿ ಎಲ್ಲಿ ಎಂಬುದೇ ವೆಲ್ಸನ ಪ್ರಶ್ನೆ. ಅವನು ಕಂಡ ಗಡಿ ಸುಮಾರು ನೂರು ಮೈಕ್ರಾನ್. ಐದು ಅಲ್ಲ, ನೂರು! ಆ ಹಳೆಯ ಲೇಖನ ಪೂರ್ತಿಯಾಗಿ ದೊರೆಯಲಿಲ್ಲ. ಅದಕ್ಕಾಗಿ ಮುಂದಕ್ಕೆ ನಡೆದು, ವೆಲ್ಸನ ಲೆಕ್ಕವನ್ನೇ ಮತ್ತೆ ಪರಿಶೀಲಿಸಿದ ಹಾಂಗ್‌ಕಾಂಗಿನ ಸಂಶೋಧಕರ 2007ರ ಲೇಖನದ ಸಾರಾಂಶವನ್ನು ಹಿಡಿದೆವು. ಎರಡು ಮೀಟರ್ ಬೀಳುವ ಮುನ್ನ ಪೂರ್ಣವಾಗಿ ಒಣಗಬಲ್ಲ ಹನಿಗಳಲ್ಲಿ ಅತಿ ದೊಡ್ಡವು 60ರಿಂದ 100 ಮೈಕ್ರಾನಿನವು ಎಂದೂ, ಸೀನಿನ ರಭಸಕ್ಕೆ ದೊಡ್ಡ ಹನಿಗಳೂ ಆರು ಮೀಟರಿಗಿಂತ ದೂರ ಹೋಗಬಲ್ಲವು ಎಂದೂ ಅದರಲ್ಲಿತ್ತು. ಸಾರಾಂಶ ಓದಲು ಹಣ ಬೇಡ. ಎಷ್ಟೋ ವೇಳೆ ಅದೊಂದೇ ಸಾಕಾಗುತ್ತದೆ.

ಇಲ್ಲಿ ಒಂದು ವ್ಯಾವಹಾರಿಕ ವಿಷಯವನ್ನು ಹೇಳಬೇಕು. ದಿನಕ್ಕೆ ಒಂದೂವರೆ ಗಿಗಾಬೈಟಿನ ಪ್ಯಾಕಿನಲ್ಲಿ ತಂಗಿಯ ಪಾಠವೂ ನಡೆದು ಇವನ ಶೋಧವೂ ನಡೆದುದು ಹೇಗೆ? ಒಂದು ಗಂಟೆಯ ದೃಶ್ಯಪಾಠಕ್ಕೆ ನೂರಾರು ಮೆಗಾಬೈಟು ಖರ್ಚಾಗುತ್ತದೆ. ಹತ್ತು ಪುಟದ ಸಂಶೋಧನ ಲೇಖನಕ್ಕೆ ಒಂದೆರಡು ಮೆಗಾಬೈಟು ಸಾಕು. ಸಾರಾಂಶದ ಪುಟಕ್ಕೆ ಇನ್ನೂ ಕಡಿಮೆ. ಆ ವರ್ಷ ನಮ್ಮ ಶಿಕ್ಷಣಸಂಸ್ಥೆಗಳು ಗ್ರಾಮದ ವಿದ್ಯಾರ್ಥಿಗಳ ಮೇಲೆ ದೃಶ್ಯಪಾಠಗಳನ್ನೇ ಸುರಿದವು. ಅಕ್ಷರವು ಅಗ್ಗವಾದುದು, ದುರ್ಬಲ ಸಿಗ್ನಲಿನಲ್ಲಿಯೂ ಇಳಿಯುವಂಥದು ಎಂಬುದನ್ನು ಯಾರೂ ಯೋಚಿಸಲಿಲ್ಲ. ಮತ್ತೊಂದು ಉಪಕಾರ ‘ಡಿ.ಓ.ಐ.’ ಎಂಬ ಸಂಖ್ಯೆಯದು. ಹೊಲ ಎಷ್ಟು ಕೈ ಬದಲಾದರೂ ಸರ್ವೆ ನಂಬರು ಬದಲಾಗದು. ಹಾಗೆಯೇ ಪತ್ರಿಕೆ ಯಾವ ಪ್ರಕಾಶಕನ ಕೈಗೆ ಹೋದರೂ ಲೇಖನದ ಈ ಸಂಖ್ಯೆ ಬದಲಾಗುವುದಿಲ್ಲ. ‘10’ ಎಂದು ಮೊದಲಾಗುವ ಆ ಸಂಖ್ಯೆಯೊಂದನ್ನು ಸಂದೇಶದಲ್ಲಿ ಕಳುಹಿಸಿದರೆ ಸಾಕು, ಮನ್ನಳ್ಳಿಯ ಮಾಳಿಗೆಯ ಮೇಲೂ ಅದೇ ಲೇಖನ ತೆರೆಯುತ್ತದೆ.

ನೂರು ಎಂದಿದ್ದುದು ಐದು ಆದುದೆಲ್ಲಿ? ಅದನ್ನು ನಾವು ಕಂಡುಹಿಡಿಯಲಾರದೆ ಹೋದೆವು. ಪಠ್ಯಗಳು ಒಂದನ್ನೊಂದು ಉಲ್ಲೇಖಿಸುತ್ತಿದ್ದವು. ಕೆಲವು ಯಾರನ್ನೂ ಉಲ್ಲೇಖಿಸದೆ ಸುಮ್ಮನೆ ಹೇಳಿದ್ದವು. ಜೂನ್ ತಿಂಗಳ ಹೊತ್ತಿಗೆ ನಮ್ಮ ಜಾಡು ನಿಂತುಹೋಯಿತು. ಜುಲೈ ಮೊದಲ ವಾರ 239 ಮಂದಿ ವಿಜ್ಞಾನಿಗಳ ಬೆಂಬಲದೊಡನೆ ಲಿಡಿಯಾ ಮೊರಾವ್ಸ್ಕಾ ಮತ್ತು ಡೊನಾಲ್ಡ್ ಮಿಲ್ಟನ್ ಅವರು, ರೋಗವು ಗಾಳಿಯಿಂದ ಹರಡುವುದನ್ನು ಲಕ್ಷ್ಯಕ್ಕೆ ತೆಗೆದುಕೊಳ್ಳಬೇಕೆಂದು ಬಹಿರಂಗವಾಗಿ ಕರೆಯಿತ್ತರು. ಆ ವಾರ್ತೆಯನ್ನು ಓದಿದ ರಾತ್ರಿ ಹುಡುಗನ ಧ್ವನಿಯಲ್ಲಿದ್ದ ಸಂತೋಷವನ್ನು ಏನೆಂದು ಹೇಳೋಣ! ಕೆಲವೇ ದಿನಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ತನ್ನ ಮಾತನ್ನು ಸ್ವಲ್ಪ ಸಡಿಲಿಸಿತು. 2021ರ ಏಪ್ರಿಲ್ ಕೊನೆಯಲ್ಲಿ ಇನ್ನಷ್ಟು ಬದಲಿಸಿತು.

ಐದರ ಹುಟ್ಟನ್ನು ಕಂಡುಹಿಡಿದವರಲ್ಲಿ ಮುಖ್ಯಳಾದವಳೂ ಒಬ್ಬ ವಿದ್ಯಾರ್ಥಿನಿಯೇ ಎಂಬುದು ನಮ್ಮ ವಾಚಕರಿಗೆ ಪ್ರಿಯವಾಗಬಹುದು. ಅಮೆರಿಕದ ವರ್ಜೀನಿಯಾ ಟೆಕ್ ವಿಶ್ವವಿದ್ಯಾನಿಲಯದ ಕೇಟಿ ರಾಂಡಲ್ ಉಲ್ಲೇಖಗಳ ಜಾಡು ಹಿಡಿಯುವುದರಲ್ಲಿ ಪಳಗಿದವಳು. ಅವಳು ಚರಿತ್ರೆಯ ಅಧ್ಯಾಪಕ ಥಾಮಸ್ ಯೂಯಿಂಗ್, ವಾಯುಕಣಗಳ ತಜ್ಞೆ ಲಿನ್ಸೆ ಮಾರ್ ಮೊದಲಾದವರೊಡನೆ ಸೇರಿ ಬರೆದ ಲೇಖನವು 2021ರಲ್ಲಿ ಪ್ರಕಟವಾಯಿತು. ಅವರು ಕಂಡ ಕಥೆ ಹೀಗಿದೆ. 1910ರಲ್ಲಿ ಚಾರ್ಲ್ಸ್ ಚಾಪಿನ್ ಎಂಬ ಪ್ರಭಾವಶಾಲಿ ಆರೋಗ್ಯಾಧಿಕಾರಿಯು, ರೋಗಗಳು ಹರಡುವುದು ಸ್ಪರ್ಶದಿಂದಲೂ ಸಾಮೀಪ್ಯದಿಂದಲೂ ಎಂದು ವಾದಿಸಿ, ಗಾಳಿಯ ಮಾತನ್ನು ಹಿಂದಕ್ಕೆ ತಳ್ಳಿದ್ದನು. ಕೆಟ್ಟ ಗಾಳಿಯೇ ರೋಗಕ್ಕೆ ಮೂಲವೆಂಬ ಪುರಾತನ ನಂಬಿಕೆಯನ್ನು ಕಿತ್ತುಹಾಕುವ ಹೋರಾಟದಲ್ಲಿದ್ದ ಅವನ ಪೀಳಿಗೆಗೆ ಅದು ಸಹಜವೂ ಆಗಿತ್ತು. ಆದುದರಿಂದ ವೆಲ್ಸನ ಮಾತಿಗೆ ಕಿವಿಗೊಡುವವರು ಕಡಿಮೆಯಾದರು. ಕಡೆಗೆ ಅವನೂ ಅವನ ಸಹೋದ್ಯೋಗಿ ರಿಚರ್ಡ್ ರೈಲಿಯೂ ಯೋಜಿಸಿದ ಪ್ರಯೋಗದಲ್ಲಿ, ಕ್ಷಯರೋಗಿಗಳ ವಾರ್ಡಿನಿಂದ ಬಂದ ಗಾಳಿಯನ್ನು ಗಿನಿಯಿಲಿಗಳು ಉಸಿರಾಡಿ ಕ್ಷಯವನ್ನು ಪಡೆದುವು. ಕ್ಷಯ ಗಾಳಿಯಿಂದ ಹರಡುತ್ತದೆಂಬುದು ಸಿದ್ಧವಾಯಿತು.

ತಪ್ಪು ನುಸುಳಿದುದು ಇಲ್ಲಿಯೇ. ಕ್ಷಯದ ಬ್ಯಾಕ್ಟೀರಿಯ ಸೋಂಕುಂಟುಮಾಡಬೇಕಾದರೆ ಶ್ವಾಸಕೋಶದ ಆಳದ ವಾಯುಕೋಶಗಳನ್ನು ತಲುಪಬೇಕು. ಅಷ್ಟು ಆಳಕ್ಕೆ ಹೋಗಬಲ್ಲವು ಐದು ಮೈಕ್ರಾನಿಗಿಂತ ಸಣ್ಣ ಕಣಗಳು ಮಾತ್ರ. ದೊಡ್ಡವು ಮೂಗು ಗಂಟಲುಗಳಲ್ಲಿಯೇ ಅಂಟಿಕೊಳ್ಳುತ್ತವೆ. ಆದುದರಿಂದ ‘ಐದು’ ಎಂಬುದು ಶರೀರದ ಒಳಗಿನ ಗಡಿ: ಎಷ್ಟು ಸಣ್ಣದು ಎಷ್ಟು ಆಳಕ್ಕೆ ಇಳಿಯುತ್ತದೆ ಎಂಬುದಕ್ಕೆ ಉತ್ತರ. ‘ನೂರು’ ಎಂಬುದು ಹೊರಗಿನ ಗಡಿ: ಎಷ್ಟು ದೊಡ್ಡದು ಬೇಗ ಬೀಳುತ್ತದೆ ಎಂಬುದಕ್ಕೆ ಉತ್ತರ. ಬರೆಯುವವರು ಒಬ್ಬರಿಂದೊಬ್ಬರು ನಕಲು ಮಾಡುತ್ತ ಹೋಗಿ, ಮೊದಲನೆಯ ಪ್ರಶ್ನೆಯ ಉತ್ತರವನ್ನು ಎರಡನೆಯ ಪ್ರಶ್ನೆಗೆ ಅಂಟಿಸಿಬಿಟ್ಟರು. ಪರೀಕ್ಷೆಯಲ್ಲಿ ಮುಂದಿನ ಬೆಂಚಿನವನ ಉತ್ತರವನ್ನು ಪ್ರಶ್ನೆಯ ಸಂಖ್ಯೆ ನೋಡದೆ ಇಳಿಸಿಕೊಂಡಂತೆ! ಆ ಬೆರಕೆ ಹಲವು ದಶಕಗಳ ಕಾಲ ಪಠ್ಯಗಳಲ್ಲಿ ಉಳಿಯಿತು. ಕೈಬರಹದ ಲೆಕ್ಕವೊಂದರಿಂದ ಯಾವ ಬಿ.ಎಸ್‌ಸಿ. ವಿದ್ಯಾರ್ಥಿಯಾದರೂ ಅದನ್ನು ಸಂದೇಹಿಸಬಹುದಾಗಿತ್ತು.

ಹಾಗೆಂದು ಸಂಸ್ಥೆಗಳ ಮಾತನ್ನು ತಳ್ಳಿ, ಕೈಗೆ ಸಿಕ್ಕಿದ ಹೊಸ ಲೇಖನವನ್ನೆಲ್ಲ ನಂಬಬೇಕೆಂದಲ್ಲ. ಪರಿಣತರ ಪರಿಶೀಲನೆಗೆ ಮುನ್ನವೇ ಪ್ರಕಟಿಸುವ ‘ಪ್ರಿಪ್ರಿಂಟ್’ ಪದ್ಧತಿ ಭೌತಶಾಸ್ತ್ರದವರಾದ ನಮಗೆ 1991ರಿಂದಲೂ ಪರಿಚಿತ. ‘ಆರ್ಕೈವ್’ ಎಂಬ ಭಂಡಾರವನ್ನು ಪಾಲ್ ಗಿನ್ಸ್‌ಪಾರ್ಗ್ ಆರಂಭಿಸಿದುದು ಆಗ. ವೈದ್ಯಶಾಸ್ತ್ರದ ‘ಮೆಡ್‌ಆರ್ಕೈವ್’ ತೆರೆದುದು 2019ರ ಜೂನ್‌ನಲ್ಲಿ; ಅದಕ್ಕೆ ವರ್ಷ ತುಂಬುವ ಮೊದಲೇ ಪಿಡುಗು ಬಂದಿತು. ಜೀವಶಾಸ್ತ್ರದ ಇಂಥದೇ ಭಂಡಾರದಲ್ಲಿ 2020ರ ಜನವರಿ 31ರಂದು ದೆಹಲಿಯ ತಂಡವೊಂದು, ಹೊಸ ವೈರಸ್ಸಿಗೂ ಏಡ್ಸ್ ರೋಗದ ವೈರಸ್ಸಿಗೂ ವಿಚಿತ್ರ ಸಾದೃಶ್ಯವಿದೆಯೆಂಬ ಲೇಖನವನ್ನು ಇಟ್ಟಿತು. ತೀವ್ರ ಆಕ್ಷೇಪಗಳು ಬಂದ ಮೇಲೆ ಲೇಖಕರೇ ಕೆಲವೇ ದಿನಗಳಲ್ಲಿ ಅದನ್ನು ಹಿಂದಕ್ಕೆ ಪಡೆದರು. ಲೇಖನ ಹಿಂದಕ್ಕೆ ಹೋಯಿತು. ಅದರಿಂದ ಹುಟ್ಟಿದ ವಾಟ್ಸಾಪ್ ಸಂದೇಶಗಳು ಹಿಂದಕ್ಕೆ ಹೋಗಲಿಲ್ಲ. ಪರಿಶೀಲನೆಯಾದ ಲೇಖನವೂ ನಿರ್ದೋಷಿಯೆನ್ನಲಾಗದು. ಸುಮಾರು 96 ಸಾವಿರ ರೋಗಿಗಳ ಅಂಕಿಅಂಶಗಳೆಂದು ಹೇಳಿಕೊಂಡು, ಹೈಡ್ರಾಕ್ಸಿಕ್ಲೋರೋಕ್ವಿನ್ ಔಷಧ ಅಪಾಯಕರವೆಂದು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ 2020ರ ಮೇ 22ರಂದು ಬಂದ ಲೇಖನವನ್ನು ಜೂನ್ 4ರಂದು ಹಿಂತೆಗೆದುಕೊಳ್ಳಬೇಕಾಯಿತು. ಆ ಅಂಕಿಗಳ ಮೂಲವನ್ನು ತೋರಿಸಲು ಅವನ್ನು ಒದಗಿಸಿದ ಸಂಸ್ಥೆ ಒಪ್ಪಲಿಲ್ಲ. ಯಾವ ಲೇಖನವನ್ನಾದರೂ ಬಳಸುವ ಮುನ್ನ ಅದರ ಪುಟಕ್ಕೆ ಮತ್ತೊಮ್ಮೆ ಹೋಗಿ, ಮೇಲುಗಡೆ ‘ಹಿಂತೆಗೆದುಕೊಳ್ಳಲಾಗಿದೆ’ ಎಂಬ ಸೂಚನೆ ಇದೆಯೇ ಎಂದು ನೋಡುವ ಅಭ್ಯಾಸವನ್ನು ಆ ಹುಡುಗನಿಗೆ ನಾವು ಕಲಿಸಿದೆವು. ನಿಜವನ್ನು ಹೇಳಬೇಕಾದರೆ, ಅವನಿಗೆ ಕಲಿಸುವ ನೆಪದಲ್ಲಿ ನಾವೂ ಆಗಲೇ ಕಲಿತೆವು.

ಬೀಗದಕೈಯ ವಿಷಯವೊಂದು ಉಳಿಯಿತು. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರವು ‘ಎನ್-ಲಿಸ್ಟ್’ ಎಂಬ ಯೋಜನೆಯಿಂದ, ಸದಸ್ಯ ಕಾಲೇಜುಗಳ ವಿದ್ಯಾರ್ಥಿಗಳಿಗೆ ಸಾವಿರಾರು ಪತ್ರಿಕೆಗಳನ್ನು ಮನೆಯಿಂದಲೇ ಓದುವ ಅನುಕೂಲವನ್ನು ಪಿಡುಗಿಗೆ ಹತ್ತು ವರ್ಷ ಮೊದಲೇ ಕಲ್ಪಿಸಿತ್ತು. ಪ್ರತಿಯೊಬ್ಬರಿಗೂ ಒಂದು ಹೆಸರು, ಒಂದು ಗುಪ್ತಪದ. ಖರಗಪುರದ ಐ.ಐ.ಟಿ. ನಡೆಸುವ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯಕ್ಕೆ ಯಾರು ಬೇಕಾದರೂ ಸೇರಬಹುದಾಗಿತ್ತು. ನಾವು ಆಗ ಇದ್ದ ಕಾಲೇಜು ಎನ್-ಲಿಸ್ಟಿನ ಸದಸ್ಯನಾಗಿತ್ತು, ಚಂದಾ ಸಂದಾಯವಾಗಿತ್ತು. ಗುಪ್ತಪದಗಳನ್ನು ವಿದ್ಯಾರ್ಥಿಗಳಿಗೆ ಹಂಚಿರಲಿಲ್ಲ. ಹಂಚಬೇಕೆಂದು ಅಧ್ಯಾಪಕರಾದ ನಾವು ಒಮ್ಮೆಯೂ ಕೇಳಿರಲಿಲ್ಲ. ಹುಡುಗನು ಮೂರು ತಿಂಗಳು ಸಾರಾಂಶಗಳನ್ನೇ ಓದುತ್ತ ಕುಳಿತಿದ್ದ ಕಾಲದಲ್ಲಿ ಪೂರ್ಣ ಲೇಖನಗಳ ಬೀಗದಕೈ ಅವನ ಹೆಸರಿಗೇ ಇದ್ದಿತು. ಆಗಸ್ಟಿನಲ್ಲಿ ಗ್ರಂಥಪಾಲಕರನ್ನು ಫೋನಿನಲ್ಲಿ ಹಿಡಿದು ಬೇಡಿಕೊಂಡೆವು. ಅವರು ಎರಡೇ ದಿನಗಳಲ್ಲಿ ಇಡೀ ತರಗತಿಗೆ ಕಳುಹಿಸಿಕೊಟ್ಟರು. ಅವರಿಗೆ ಬೇಕಾಗಿದ್ದುದು ಯಾರಾದರೂ ಕೇಳುವುದು, ಅಷ್ಟೇ.

2025ರ ಜನವರಿ 1ರಿಂದ ‘ಒಂದು ರಾಷ್ಟ್ರ, ಒಂದು ಚಂದಾ’ ಎಂಬ ಯೋಜನೆಯಲ್ಲಿ ಕೇಂದ್ರ ಹಾಗೂ ರಾಜ್ಯ ಸರ್ಕಾರಗಳ ಉನ್ನತ ಶಿಕ್ಷಣಸಂಸ್ಥೆಗಳಿಗೆ ಮೂವತ್ತು ಪ್ರಕಾಶಕರ ಸುಮಾರು ಹದಿಮೂರು ಸಾವಿರ ಪತ್ರಿಕೆಗಳು ತೆರೆದಿವೆ. ನಿಮ್ಮ ಕಾಲೇಜು ಅದರಲ್ಲಿ ಸೇರಿದೆಯೇ, ಸೇರಿದ್ದರೆ ಪ್ರವೇಶಿಸುವ ಬಗೆ ಹೇಗೆ ಎಂಬುದನ್ನು ಈ ವಾರವೇ ಗ್ರಂಥಪಾಲಕರಲ್ಲಿ ವಿಚಾರಿಸಿರಿ. ಗ್ರಂಥಾಲಯ ತೆರೆದಿರುವಾಗ ಕೇಳುವುದು ಸುಲಭ.

ನವೆಂಬರ್ 17ರಂದು ಕಾಲೇಜು ತೆರೆಯಿತು. ಪಾಲಕರ ಒಪ್ಪಿಗೆಯ ಪತ್ರವನ್ನೂ ರೋಗವಿಲ್ಲವೆಂಬ ಪರೀಕ್ಷೆಯ ವರದಿಯನ್ನೂ ಹಿಡಿದು ಬಂದವರು ತೀರ ಕಡಿಮೆ. ಮನ್ನಳ್ಳಿಯ ಹುಡುಗ ಬಂದಿದ್ದನು. ಪ್ರಯೋಗಶಾಲೆಯ ಕಿಟಕಿಗಳ ಚಿಲಕಗಳು ಎಂಟು ತಿಂಗಳಲ್ಲಿ ತುಕ್ಕು ಹಿಡಿದಿದ್ದವು. ಪಾಠ ಆರಂಭಿಸುವ ಮೊದಲು ಅವನೂ ನಾವೂ ಸೀಮೆಎಣ್ಣೆ ಹಾಕಿ, ಸುತ್ತಿಗೆಯಿಂದ ಬಡಿದು, ನಾಲ್ಕನ್ನೂ ತೆರೆದೆವು. ಆಮೇಲೆ ಅವನು ತನ್ನ ಪ್ರಾಕ್ಟಿಕಲ್ ರೆಕಾರ್ಡನ್ನು ಮುಂದಿಟ್ಟನು. ಸ್ಟೋಕ್ಸ್ ಪ್ರಯೋಗದ ಪುಟಗಳ ಬಳಿಕ ಎರಡು ಪುಟಗಳು ಹೆಚ್ಚಾಗಿದ್ದವು. ಹನಿಗಳ ವ್ಯಾಸ, ಇಳಿಯುವ ವೇಗ, ಇಳಿಯಲು ಹಿಡಿಯುವ ಸಮಯ. ಕೆಳಗೆ ಓದಿದ ಲೇಖನಗಳ ಡಿ.ಓ.ಐ. ಸಂಖ್ಯೆಗಳು, ಕೊನೆಗೆ, ‘ಐದು ಎಂಬುದರ ಮೂಲ ಇನ್ನೂ ಸಿಕ್ಕಿಲ್ಲ’ ಎಂಬ ಒಂದು ಸಾಲು. ಅದಕ್ಕೆ ಅಂಕ ಕೊಡಲು ನಮ್ಮ ಪಟ್ಟಿಯಲ್ಲಿ ಅಂಕಣವಿರಲಿಲ್ಲ. ಆ ಸಾಲಿನ ಕೆಳಗೆ ತಾರೀಖು ಬರೆದು ಸಹಿ ಹಾಕಿದೆವು.